ಅಪ್‌ಡೇಟ್: ಹೂವಿನ ಚಿತ್ರ ಮತ್ತೆ ಮೊದಲಿಂದ ಶುರು ಮಾಡಿದೆ

ವಾಟರ್‌ಕಲರ್‌ನಲ್ಲಿ ಗುಲಾಬಿ ಗೊಂಚಲು ಬಿಡಿಸಲು ಹೋಗಿ ಎಲ್ಲಾ ಕೆಸರು ಬಣ್ಣ ಆಯಿತು, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ಆ ಹಾಳೆ ತೆಗೆದಿಟ್ಟೆ. ಈ ಸಲ ಒಂದೇ ಹೂವು, ಎರಡು ಎಲೆ. ಬಣ್ಣವೂ ಮೂರೇ.

ನೀವು ಹೇಳಿದ್ದು ನಿಜ. ಕೆಂಪು ಒಣಗುವ ಮೊದಲೇ ಪಕ್ಕದಲ್ಲಿ ಹಸಿರು ಹಚ್ಚುತ್ತಿದ್ದೆ. ಅವೆರಡೂ ಬೆರೆತರೆ ಕಂದು ಆಗದೆ ಇನ್ನೇನು! ಈಗ ದಳ ಪೂರ್ತಿ ಒಣಗಿದ ಮೇಲೆಯೇ ಎಲೆಗೆ ಕೈ ಹಾಕುತ್ತೇನೆ. ಬೆರಳಿನ ಹಿಂಭಾಗ ಮುಟ್ಟಿಸಿದಾಗ ಹಾಳೆ ತಣ್ಣಗಿದ್ದರೆ ಇನ್ನೂ ತೇವ ಇದೆ ಅಂತ ಅರ್ಥ. ಒಂದು ದಳದ ಅಂಚಲ್ಲಿ ಹಾಳೆಯ ಬಿಳಿಯನ್ನು ಹಾಗೇ ಬಿಟ್ಟೆ. ಅಲ್ಲಿ ಬೆಳಕು ಬಿದ್ದ ಹಾಗೆ ಕಾಣುತ್ತಿದೆ. ಎಷ್ಟು ಖುಷಿಯಾಯಿತು ಗೊತ್ತಾ!

ನೆರಳು ಮಾತ್ರ ಇನ್ನೂ ಜಾಸ್ತಿ ಗಾಢ ಆಗುತ್ತಿದೆ. ನಾಳೆ ಅದನ್ನೇ ಬೇರೆ ಹಾಳೆಯಲ್ಲಿ ಅಭ್ಯಾಸ ಮಾಡುತ್ತೇನೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.