ನೈಟ್ ವಿಷನ್ ಬೈನಾಕ್ಯುಲರ್‌ನಲ್ಲಿ ಬರೀ ಬಿಳಿ ಮಂಜು. ವಾಪಸ್ ಕೊಡಲಾ, ಬೇರೆ ಯಾವುದು ತಗೊಳ್ಳಲಿ?

ಘೋಡಬಂದರ್ ಗೂಬೆ:
ತಲೆ ಕೆಟ್ಟು ಹೋಗಿದೆ, ಯಾರಾದರೂ ದಾರಿ ತೋರಿಸಿ. ಮನೆ ಥಾಣೆಯ ಘೋಡಬಂದರ್ ರಸ್ತೆಯಲ್ಲಿ. ಎದುರಿಗೇ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡ. ರಾತ್ರಿ ಹೊತ್ತು ಜಿಂಕೆ ಕೂಗುತ್ತದೆ, ನಾಯಿಗಳು ಒಂದೇ ಸಮನೆ ಬೊಗಳಿ ತಟ್ಟನೆ ಸುಮ್ಮನಾಗುತ್ತವೆ. ಅಲ್ಲಿ ಏನೋ ಓಡಾಡುತ್ತಿದೆ ಅಂತ ಗೊತ್ತು, ಕಣ್ಣಿಗೆ ಮಾತ್ರ ಕಾಣುವುದಿಲ್ಲ. ಅದಕ್ಕೇ 14 ಸಾವಿರ ಕೊಟ್ಟು ಡಿಜಿಟಲ್ ನೈಟ್ ವಿಷನ್ ಬೈನಾಕ್ಯುಲರ್ ತರಿಸಿದೆ. ಡಬ್ಬಿಯ ಮೇಲೆ 500 ಮೀಟರ್ ಅಂತ ದೊಡ್ಡದಾಗಿ ಬರೆದಿದೆ. ನನಗೆ 5 ಮೀಟರ್ ಕೂಡ ಕಾಣುತ್ತಿಲ್ಲ. ಐಆರ್, ಅಂದರೆ ಕಣ್ಣಿಗೆ ಕಾಣದ ಇನ್ಫ್ರಾರೆಡ್ ದೀಪದ ಬಟನ್ ಒತ್ತಿದ ತಕ್ಷಣ ಪರದೆ ತುಂಬ ಬಿಳಿ ಮಂಜು, ನಡುವೆ ಒಂದು ಹೊಳೆಯುವ ಚುಕ್ಕಿ. ಐಆರ್ ಏರಿಸಿದಷ್ಟೂ ಮಂಜು ಜಾಸ್ತಿ. ಫೋಕಸ್ ತಿರುಗಿಸಿ ತಿರುಗಿಸಿ ಬೆರಳು ನೋವು ಬಂತು. ವಾಪಸ್ ಕೊಡುವ ಗಡುವು ಹತ್ತಿರ ಬರುತ್ತಿದೆ, ಅಂಗಡಿಯವರು ಫೋನ್ ಎತ್ತುತ್ತಿಲ್ಲ. ಪೀಸೇ ಹಾಳಾಗಿದೆಯಾ? 25 ಸಾವಿರದೊಳಗೆ ಇದಕ್ಕಿಂತ ಒಳ್ಳೆಯದು ಯಾವುದಿದೆ?

ಡೊಂಬಿವಲಿ ರಾವ್:
ಬ್ಯಾಟರಿ ನೋಡಿ ಮೊದಲು. ಐಆರ್ ದೀಪ ಕರೆಂಟು ತಿನ್ನುತ್ತದೆ. ರೀಚಾರ್ಜ್ ಆಗುವ ಡಬಲ್ ಎ ಸೆಲ್ ಹಾಕಿದರೆ ಒಂದೊಂದಕ್ಕೆ 1.2 ವೋಲ್ಟ್ ಮಾತ್ರ, ಆಲ್ಕಲೈನ್ ಆದರೆ 1.5. ನಾಲ್ಕು ಸೆಲ್ ಸೇರಿದರೆ ಒಂದು ವೋಲ್ಟಿಗಿಂತ ಜಾಸ್ತಿ ಖೋತಾ. ಸೆಲ್ ಬದಲಿಸಿ ನೋಡಿ, ಸರಿ ಹೋಗುತ್ತದೆ.

ಘೋಡಬಂದರ್ ಗೂಬೆ:
ಇದರಲ್ಲಿ ಸೆಲ್ ಇಲ್ಲ ರಾಯರೆ, ಒಳಗೇ ಬ್ಯಾಟರಿ ಇದೆ. ಪೂರ್ತಿ ಚಾರ್ಜ್ ಮಾಡಿಯೇ ನೋಡಿದ್ದು.

ಡೊಂಬಿವಲಿ ರಾವ್:
ಯಾವ ಚಾರ್ಜರ್? ಫೋನಿನ ಫಾಸ್ಟ್ ಚಾರ್ಜರ್ ಹಾಕಿದರೆ ಕೆಲವು ಸಾಧನಗಳು ಚಾರ್ಜೇ ಆಗುವುದಿಲ್ಲ. ಹಳೆಯ 5 ವೋಲ್ಟಿನ ಸಾದಾ ಚಾರ್ಜರಿಗೆ ರಾತ್ರಿಯಿಡೀ ಹಾಕಿ ನೋಡಿ.

ಕೋಥರೂಡ್ ಕುಲಕರ್ಣಿ:
ನಾನು ಬೇರೆ ಮಾತು ಹೇಳುತ್ತೇನೆ ರೀ. 25 ಸಾವಿರದ ಡಿಜಿಟಲ್ ಆಟಿಕೆ ಬದಲು ಒಂದು ಒಳ್ಳೆಯ 7x50 ಬೈನಾಕ್ಯುಲರ್ ತಗೊಳ್ಳಿ, ಅಂದರೆ 7 ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಲೆನ್ಸ್ 50 ಮಿಲಿಮೀಟರ್ ಅಗಲದ್ದು. ನಿಕಾನ್ ಅಕ್ಯುಲಾನ್ 7x50 ಸಾಕು. 50ನ್ನು 7ರಿಂದ ಭಾಗಿಸಿದರೆ 7 ಮಿಲಿಮೀಟರ್ ಚಿಲ್ಲರೆ. ಹಿಂಬದಿಯಿಂದ ಕಣ್ಣಿಗೆ ಬರುವ ಬೆಳಕಿನ ವೃತ್ತ ಅಷ್ಟು ಅಗಲ. 10x42ರಲ್ಲಿ ಅದು 4.2 ಅಷ್ಟೇ. ಕತ್ತಲೆಯಲ್ಲಿ ಅರ್ಧ ಗಂಟೆ ಕೂತು ಕಣ್ಣು ಪಳಗಿಸಿಕೊಂಡು ಬೆಳದಿಂಗಳಲ್ಲಿ ನೋಡಿ, ಚಾರ್ಜರ್ ಗೊಡವೆಯೇ ಇಲ್ಲ. ನಾನು ಸುಪೆ ಹತ್ತಿರ ಮಯೂರೇಶ್ವರ ಅಭಯಾರಣ್ಯದ ಆಚೆ, ಹುಲ್ಲುಗಾವಲಿನ ರಸ್ತೆ ಬದಿಯಲ್ಲಿ ಮುಸ್ಸಂಜೆಗೆ ನಿಂತು ಇದರಲ್ಲೇ ಚಿಂಕಾರ ಅನ್ನುವ ಸಣ್ಣ ಹುಲ್ಲೆ ನೋಡುವುದು. ಕತ್ತಲಾದ ಮೇಲೂ ಕೊಂಬಿನ ಗೆರೆ ಕಾಣುತ್ತದೆ. ಮನೆಯಲ್ಲಿ 15x70 ಕೂಡ ಇದೆ, ಅದಕ್ಕೆ ಕಬ್ಬಿಣದಂಥ ಟ್ರೈಪಾಡ್, ಗುರುವಿನ ಉಪಗ್ರಹಗಳನ್ನೂ ಅದರಲ್ಲೇ ನೋಡುತ್ತೇನೆ.

ಮುಲುಂಡ್ ಮುಳ್ಳುಹಂದಿ:
ಕುಲಕರ್ಣಿಯವರೆ, 7 ಮಿಲಿಮೀಟರ್ ಬೆಳಕು ಬಂದರೆ ಸಾಲದು, ಅದನ್ನು ತಗೊಳ್ಳಲು ಕಣ್ಣಿನ ಪಾಪೆ ಅಷ್ಟು ಅಗಲ ತೆರೆಯಬೇಕಲ್ವಾ. ಐವತ್ತು ದಾಟಿದವರಿಗೆ ಸಾಮಾನ್ಯವಾಗಿ 5 ಮಿಲಿಮೀಟರಿನ ಆಸುಪಾಸು. ಆಗ ಉಳಿದ ಬೆಳಕು ಪಾಪೆಯ ಹೊರಗೇ ಬೀಳುತ್ತದೆ. ಅಂಥವರಿಗೆ 8x42 ಸಾಕು, ತೂಕವೂ ಕಡಿಮೆ.

ಕೋಥರೂಡ್ ಕುಲಕರ್ಣಿ:
ವ್ಯರ್ಥ ಆಗುವುದಿಲ್ಲ ರೀ. ವೃತ್ತ ಅಗಲ ಇದ್ದರೆ ಕೈ ಅಲುಗಾಡಿದರೂ ಚಿತ್ರ ಕಪ್ಪಾಗುವುದಿಲ್ಲ. ದೋಣಿಯವರು ಸುಮ್ನೆ 7x50 ಹಿಡಿಯುತ್ತಾರಾ?

ನವಿ ಮುಂಬೈ ನಾಯಕ್:
ಇಬ್ಬರೂ ಬಿಡಿ. ಥರ್ಮಲ್ ತಗೊಳ್ಳಿ, ಜೀವನ ಸುಖವಾಗುತ್ತದೆ. ನನ್ನ ಹತ್ತಿರ 384x288 ಪಿಕ್ಸೆಲ್ ಸೆನ್ಸರಿನದು ಇದೆ. ಪೊದೆಯ ಸಂದಿಯಲ್ಲಿ ಮೊಲ ಕೂತಿದ್ದರೂ ಬಿಳಿ ಚುಕ್ಕೆಯಾಗಿ ಎದ್ದು ಕಾಣುತ್ತದೆ. ದೀಪವೇ ಬೇಡ, ಪ್ರಾಣಿಯ ಮೈ ಬಿಸಿಯೇ ಬೆಳಕು.

ಮುಲುಂಡ್ ಮುಳ್ಳುಹಂದಿ:
ನಾಯಕರೆ, ಅವರು ಹೇಳಿದ್ದು 25 ಸಾವಿರ. ನಿಮ್ಮ ಥರ್ಮಲ್ಲಿಗೆ ಎಷ್ಟಾಯಿತು ಅಂತಲೂ ಬರೆಯಿರಿ. ಇನ್ನೊಂದು ವಿಷಯ, ಥರ್ಮಲ್ಲಿನಲ್ಲಿ ಬಿಸಿ ಮೈ ಕಾಣುತ್ತದೆಯೇ ಹೊರತು ಮೈಮೇಲಿನ ಗೆರೆ, ಚುಕ್ಕೆ ಕಾಣುವುದಿಲ್ಲ. ದೂರದಲ್ಲಿ ಕಾಡುಬೆಕ್ಕೋ ಊರಬೆಕ್ಕೋ ಅಂತ ಹೇಳುವುದು ಕಷ್ಟ. ಹುಡುಕಲು ಅದು, ಗುರುತು ಹಿಡಿಯಲು ಇನ್ನೊಂದು, ಹೀಗೆ ಎರಡು ಬೇಕಾಗುತ್ತದೆ.

ಗೂಬೆಯವರೆ, ಎರಡು ಪರೀಕ್ಷೆ ಮಾಡಿ ಹೇಳಿ. ಒಂದು, ಐಆರ್ ಪೂರ್ತಿ ಆಫ್ ಮಾಡಿ ಬೀದಿದೀಪದ ಕೆಳಗಿನ ಜಾಗ ನೋಡಿ. ಅಲ್ಲಿ ಚಿತ್ರ ಚೊಕ್ಕವಾಗಿದ್ದರೆ ಸೆನ್ಸರ್, ಫೋಕಸ್ ಎರಡೂ ಸರಿ ಇವೆ. ಇನ್ನೊಂದು, ಐಆರ್ ಹಾಕಿ ಮುಂಭಾಗವನ್ನು ಫೋನಿನ ಸೆಲ್ಫಿ ಕ್ಯಾಮೆರಾಗೆ ತೋರಿಸಿ. ಕೆನ್ನೀಲಿ ಬಿಳುಪಿನ ಹೊಳಪು ಕಂಡರೆ ದೀಪ ಉರಿಯುತ್ತಿದೆ. ಕಣ್ಣಿನ ಹತ್ತಿರ ಇಟ್ಟುಕೊಂಡು ಆ ದೀಪವನ್ನು ನೇರ ನೋಡಬೇಡಿ. ಆ ಬೆಳಕು ಹೆಚ್ಚುಕಮ್ಮಿ ಕಾಣದ್ದು, ಹಾಗಾಗಿ ಕಣ್ಣು ತಾನಾಗಿ ಮುಚ್ಚಿಕೊಳ್ಳುವುದಿಲ್ಲ.

ಡೊಂಬಿವಲಿ ರಾವ್:
ಸಾದಾ ಚಾರ್ಜರ್ ಹಾಕಿದಿರಾ?

ಘೋಡಬಂದರ್ ಗೂಬೆ:
ಹಾಕಿದೆ ರಾಯರೆ, ಏನೂ ಬದಲಾಗಲಿಲ್ಲ. ಮುಳ್ಳುಹಂದಿಯವರೆ, ಬೀದಿದೀಪದ ಕೆಳಗೆ ನಿಲ್ಲಿಸಿದ ರಿಕ್ಷಾದ ನಂಬರ್ ಓದಲಾಗುತ್ತದೆ. ಫೋನಿನಲ್ಲಿ ಐಆರ್ ದೀಪವೂ ಕಾಣುತ್ತದೆ. ಇನ್ನೊಂದು ವಿಷಯ ಗೊತ್ತಾಯಿತು. ಬೈನಾಕ್ಯುಲರ್ ಅಂತ ಹೆಸರು, ಆದರೆ ಮುಂದೆ ಇರುವ ಎರಡು ಕೊಳವೆಯಲ್ಲಿ ಒಂದರಲ್ಲಿ ಮಾತ್ರ ಲೆನ್ಸ್. ಇನ್ನೊಂದರಲ್ಲಿ ಇರುವುದು ಐಆರ್ ದೀಪ! ಇದು ಮೋಸ ಅಲ್ವಾ?

ಮುಲುಂಡ್ ಮುಳ್ಳುಹಂದಿ:
ಮೋಸ ಅಲ್ಲ, ಈ ಬೆಲೆಯ ಡಿಜಿಟಲ್‌ಗಳು ಹೆಚ್ಚಾಗಿ ಹಾಗೇ. ಒಂದು ಲೆನ್ಸ್, ಒಂದು ಸೆನ್ಸರ್, ಒಂದು ಪರದೆ, ಅದನ್ನೇ ಎರಡೂ ಕಣ್ಣಿಗೆ ತೋರಿಸುತ್ತಾರೆ. ಎರಡು ಕಣ್ಣು ಇಟ್ಟು ನೋಡುವುದರಿಂದ ಆಯಾಸ ಕಡಿಮೆ, ಆಳ ಗೊತ್ತಾಗುವುದಿಲ್ಲ. ಇರುವ ಅಲ್ಪ ಬೆಳಕನ್ನೇ ಹಲವು ಪಟ್ಟು ಹೆಚ್ಚಿಸುವ ಇಮೇಜ್ ಇಂಟೆನ್ಸಿಫೈಯರ್ ಟ್ಯೂಬಿನ ಒಳ್ಳೆಯ ಸಾಧನಗಳ ಬೆಲೆಯೇ ಬೇರೆ, ಅವು ಈ ಚರ್ಚೆಗೆ ಬೇಡ. ಈಗ ಮುಖ್ಯ ಪ್ರಶ್ನೆ, ನಿಮ್ಮ ಐಆರ್ ದೀಪದ ಅಲೆಯುದ್ದ 850 ನ್ಯಾನೋಮೀಟರಾ, 940ಆ?

ಸಾಂತಾಕ್ರೂಜ್ ಸತೀಶ:
940 ಇರುವುದನ್ನೇ ತಗೊಳ್ಳಬೇಕಿತ್ತು. 850ರಲ್ಲಿ ದೀಪದ ಬಾಯಲ್ಲಿ ಮಂದ ಕೆಂಪು ಕೆಂಡ ಕಾಣುತ್ತದೆ, ಪ್ರಾಣಿ ಹೆದರುತ್ತದೆ.

ಮುಲುಂಡ್ ಮುಳ್ಳುಹಂದಿ:
940 ತಗೊಂಡರೆ ಅಷ್ಟು ದೂರ ಕಾಣುವುದಿಲ್ಲ. ಸಿಲಿಕಾನ್ ಸೆನ್ಸರಿಗೆ ಆ ಅಲೆಯುದ್ದದಲ್ಲಿ ಸೂಕ್ಷ್ಮತೆ ತುಂಬಾ ಕಡಿಮೆ. ಮನೆ ಅಂಗಳಕ್ಕೆ, ಪ್ರಾಣಿ ಹಾದಾಗ ತಾನಾಗಿ ಫೋಟೋ ತೆಗೆಯುವ ಕ್ಯಾಮೆರಾ ಟ್ರ್ಯಾಪಿಗೆ 940 ಸರಿ. ಗುಡ್ಡ ನೋಡಲು 850 ಬೇಕು.

ಸಾಂತಾಕ್ರೂಜ್ ಸತೀಶ:
ದೂರಕ್ಕಿಂತ ಪ್ರಾಣಿಯ ನೆಮ್ಮದಿ ಮುಖ್ಯ ಸಾರ್. ಹೆದರಿಸಿ ನೋಡುವುದಾದರೆ ಟಾರ್ಚ್ ಹಾಕಿಯೇ ನೋಡಬಹುದಲ್ಲ.

ಕಾಣಕೋಣ ಭಟ್:
ನಿಲ್ಲಿ ಮಾರಾಯ್ರೆ. ಅವರ ಪೋಸ್ಟ್ ಇನ್ನೊಮ್ಮೆ ಓದಿ. ಐಆರ್ ಏರಿಸಿದಷ್ಟೂ ಮಂಜು ಜಾಸ್ತಿ, ನಡುವೆ ಹೊಳೆಯುವ ಚುಕ್ಕಿ. ಐಆರ್ ಆಫ್ ಮಾಡಿದರೆ ರಿಕ್ಷಾ ನಂಬರ್ ಓದಬಹುದು. ಅಂದರೆ ಅವರದೇ ದೀಪ ಹತ್ತಿರದ ಯಾವುದಕ್ಕೋ ಬಡಿದು ವಾಪಸ್ ಬರುತ್ತಿದೆ. ಗೂಬೆಯವರೆ, ನೀವು ನಿಂತು ನೋಡುವುದು ಎಲ್ಲಿಂದ? ಕಿಟಕಿ ತೆರೆದು ನೋಡುತ್ತೀರೋ, ಮುಚ್ಚಿಯೋ?

ಘೋಡಬಂದರ್ ಗೂಬೆ:
ಮುಚ್ಚಿಯೇ. ಇಲ್ಲಿನ ಸೊಳ್ಳೆ ನಿಮಗೆ ಗೊತ್ತಿಲ್ಲ. 14ನೇ ಮಹಡಿಯ ಹಾಲ್ ಕಿಟಕಿ, ಬಿಸಿಲಿಗೆ ಅಂತ ಗಾಜಿಗೆ ಫಿಲ್ಮ್ ಹಾಕಿಸಿದ್ದೇವೆ. ಆಚೆ ಪಾರಿವಾಳದ ಬಲೆ ಇದೆ. ಗಾಜು ಚೊಕ್ಕವಾಗಿ ಒರೆಸಿದ್ದೇನೆ.

ಕಾಣಕೋಣ ಭಟ್:
ಸಿಕ್ಕಿತು ನೋಡಿ. ಸಾದಾ ಗಾಜು ಕೂಡ ಬಿದ್ದ ಬೆಳಕಿನ 8 ಶೇಕಡದಷ್ಟು ವಾಪಸ್ ಕಳಿಸುತ್ತದೆ. ಬಿಸಿಲು ತಡೆಯುವ ಫಿಲ್ಮಿನ ಕೆಲಸವೇ ಇನ್ಫ್ರಾರೆಡ್ ಒಳಗೆ ಬಿಡದಿರುವುದು. ನಿಮ್ಮ ಐಆರ್ ಹೊರಗೆ ಹೋಗುವಾಗ ಒಂದು ಪಾಲು ಅಲ್ಲೇ ಕಳೆಯಿತು, ಗುಡ್ಡಕ್ಕೆ ಬಡಿದು ಬರುವ ಅಷ್ಟಿಷ್ಟು ಮತ್ತೆ ಅಲ್ಲೇ ಕಳೆಯಿತು. ಗಾಜಿನಿಂದ ನೇರ ವಾಪಸ್ ಬಂದದ್ದು ಮಾತ್ರ ಪಕ್ಕದಲ್ಲೇ ಇರುವ ಲೆನ್ಸಿಗೆ ಪೂರ್ತಿ ಬೀಳುತ್ತದೆ. ಖಂಡಾಲ ಘಾಟಿಯ ಮಂಜಿನಲ್ಲಿ ಹೈ ಬೀಮ್ ಹಾಕಿದ ಹಾಗೆ. ಅಷ್ಟು ಬಿಳುಪು ಕಂಡ ಕೂಡಲೇ ಸೆನ್ಸರ್ ತಾನಾಗಿ ಎಕ್ಸ್‌ಪೋಷರ್ ಇಳಿಸುತ್ತದೆ, ದೂರದ್ದು ಇನ್ನೂ ಕಪ್ಪಾಗುತ್ತದೆ. ಗಾಜು ಸರಿಸಿ, ಬಲೆಯ ಒಂದು ಕಣ್ಣಿಗೆ ಲೆನ್ಸನ್ನೂ ಇನ್ನೊಂದಕ್ಕೆ ಐಆರ್ ದೀಪವನ್ನೂ ಹತ್ತಿರ ಹಿಡಿದು ನೋಡಿ. ಕೊರಳಿನ ಪಟ್ಟಿ ಹಾಕಿಕೊಳ್ಳಿ, 14ನೇ ಮಹಡಿ.

ನಮ್ಮಲ್ಲಿ ಮಳೆಗಾಲದಲ್ಲೂ ಇದೇ ಕಥೆ. ಅಂಬೋಲಿ ಘಾಟಿಯಲ್ಲಿ ಕಪ್ಪೆ ನೋಡಲು ಹೋದವರು ಮಂಜಿನಲ್ಲಿ ಐಆರ್ ಹಾಕಿ ಬೇಸರ ಮಾಡಿಕೊಂಡು ಬರುತ್ತಾರೆ. ಪ್ರತಿ ಹನಿಯೂ ಬಿಳಿ ಗೆರೆಯಾಗುತ್ತದೆ.

ನವಿ ಮುಂಬೈ ನಾಯಕ್:
ಥರ್ಮಲ್ಲಿಗೆ ಈ ತೊಂದರೆ ಇಲ್ಲ.

ಕಾಣಕೋಣ ಭಟ್:
ನಾಯಕರೆ, ಥರ್ಮಲ್ ಗಾಜಿನಾಚೆ ಏನೂ ನೋಡುವುದಿಲ್ಲ! 8ರಿಂದ 14 ಮೈಕ್ರಾನಿನ ಆ ಅಲೆಗಳಿಗೆ ಕಿಟಕಿ ಗಾಜು ಗೋಡೆಯೇ. ಗಾಜಿನಲ್ಲಿ ನಿಮ್ಮದೇ ಮುಖದ ಬಿಸಿ ಕಾಣುತ್ತದೆ, ಬೇಕಾದರೆ ಮನೆಯಲ್ಲಿ ಹಿಡಿದು ನೋಡಿ.

ಡೊಂಬಿವಲಿ ರಾವ್:
ಗಾಜು ಒಪ್ಪಿದೆ. ಆದರೂ ಐಆರ್ ಕಡಿಮೆ ಮಟ್ಟದಲ್ಲಿ ಇಟ್ಟರೆ ಬ್ಯಾಟರಿ ಬಾಳುತ್ತದೆ, ಅದನ್ನೂ ನೆನಪಿಡಿ.

ಘೋಡಬಂದರ್ ಗೂಬೆ:
ಭಟ್ರೆ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ! ಗಾಜು ಸರಿಸಿದ ಕೂಡಲೇ ಮಂಜು ಮಾಯ. ಮೊದಲು ಬಲೆಯ ದಾರಗಳು ದಪ್ಪ ಬಿಳಿ ಹಗ್ಗದ ಹಾಗೆ ಅಡ್ಡ ಬಂದವು, ಹತ್ತಿರ ಹಿಡಿದಾಗ ಅವೂ ಹೋದವು. ಕೆಳಗೆ ಕಾಂಪೌಂಡ್ ಗೋಡೆಯ ಮೇಲೆ ಪುನುಗು ಬೆಕ್ಕು ನಡೆದು ಹೋಯಿತು. ಉದ್ದ ಬಾಲ ಕೆಳಗೆ ಇಳಿಬಿಟ್ಟಿತ್ತು, ಗುಲ್‌ಮೊಹರ್ ಕೊಂಬೆ ಹತ್ತಿರ ನಿಂತು ಮೇಲೆ ನೋಡಿದಾಗ ಎರಡು ಕಣ್ಣು ದೀಪದಂತೆ ಹೊತ್ತಿಕೊಂಡವು. ಹೆಂಡತಿ, ಮಗಳು ಇಬ್ಬರನ್ನೂ ಎಬ್ಬಿಸಿ ತೋರಿಸಿದೆ. ಆದರೆ ಗುಡ್ಡ ಇನ್ನೂ ಕಪ್ಪು. ಡಬ್ಬಿಯ 500 ಮೀಟರ್ ಎಲ್ಲಿ ಹೋಯಿತು?

ಮುಲುಂಡ್ ಮುಳ್ಳುಹಂದಿ:
ಆ 500 ನಂಬಬೇಡಿ. ಫೋನಿನ ಮ್ಯಾಪಿನಲ್ಲಿ ನಿಮ್ಮ ಕಟ್ಟಡದಿಂದ ಕಾಡಿನ ಅಂಚಿಗೆ ಅಳೆದು ಹೇಳಿ. ದೂರ ಎರಡು ಪಟ್ಟಾದರೆ ಬೀಳುವ ಐಆರ್ ಕಾಲು ಭಾಗಕ್ಕೆ ಇಳಿಯುತ್ತದೆ. ಒಳಗಿನ ಪುಟ್ಟ ದೀಪ 100 ಮೀಟರ್ ಆಚೆ ಸೋಲುತ್ತದೆ, ಡಿಜಿಟಲ್ ಝೂಮ್ ಹಾಕಿದರೆ ಚುಕ್ಕಿ ದೊಡ್ಡದಾಗುತ್ತದೆ ಅಷ್ಟೇ.

ಘೋಡಬಂದರ್ ಗೂಬೆ:
ಅಳೆದೆ. 230 ಮೀಟರ್.

ಕಾಣಕೋಣ ಭಟ್:
ಹಾಗಾದರೆ ಇದನ್ನು ವಾಪಸ್ ಕೊಡಬೇಡಿ. ಇನ್ನೊಂದು 25 ಸಾವಿರದ್ದು ತಂದರೂ ಒಳಗಿನ ದೀಪ ಇಷ್ಟೇ ಇರುತ್ತದೆ. ಬೆಳಕಿನ ಕಿರಣವನ್ನು ಸಣ್ಣದು ಮಾಡಬಹುದಾದ 850ರ ಐಆರ್ ಟಾರ್ಚ್ ಬೇರೆಯಾಗಿ ತಗೊಳ್ಳಿ. ಅದನ್ನು ಬೈನಾಕ್ಯುಲರಿಗೆ ಅಂಟಿಸಬೇಡಿ, ಒಂದೆರಡು ಅಡಿ ಪಕ್ಕಕ್ಕೆ ಸಣ್ಣ ಟ್ರೈಪಾಡಿನ ಮೇಲೆ ಇಡಿ. ಆಗ ಗಾಳಿಯಲ್ಲಿನ ಧೂಳು, ತೇವ ಹೊಳೆಯುವುದು ಕಡಿಮೆ. ಬೈನಾಕ್ಯುಲರಿನ ಕೆಳಗೂ ಕಾಲು ಇಂಚಿನ ಟ್ರೈಪಾಡ್ ತೂತು ಇರಬೇಕು, ನೋಡಿ. 230 ಮೀಟರಿನಲ್ಲಿ ಕೈಯಲ್ಲಿ ಹಿಡಿದರೆ ಚಿತ್ರ ಕುಣಿಯುತ್ತದೆ. ಪರದೆಯ ಬೆಳಕು ತೀರಾ ಕೆಳಗಿಳಿಸಿ, ಇಲ್ಲದಿದ್ದರೆ ಕಣ್ಣು ತೆಗೆದ ಕೂಡಲೇ ನೀವೇ ಕುರುಡು.

ಸಾಂತಾಕ್ರೂಜ್ ಸತೀಶ:
ಐಆರ್ ಟಾರ್ಚನ್ನು ಎದುರು ಕಟ್ಟಡದ ಕಡೆ ತಿರುಗಿಸಬೇಡಿ. ಅಲ್ಲಿನ ಸಿಸಿಟಿವಿಗಳಿಗೆ ಅದು ದೊಡ್ಡ ದೀಪವಾಗಿ ಕಾಣುತ್ತದೆ, ಸೊಸೈಟಿಯಲ್ಲಿ ಜಗಳ. ಹಾಗೇ ಇದನ್ನು ಹಿಡಿದುಕೊಂಡು ರಾತ್ರಿ ಯೇವೂರ್ ಗುಡ್ಡದ ಮೇಲೆ ಹೋಗಬೇಡಿ. ಅಲ್ಲಿ ವಾಯುಸೇನೆಯ ಠಾಣೆ ಇದೆ, ಉದ್ಯಾನದೊಳಗೆ ರಾತ್ರಿ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಚಿರತೆ ಕಂಡರೆ ಕಟ್ಟಡದ ಹೆಸರು ಹಾಕಿ ವಾಟ್ಸಾಪಿನಲ್ಲಿ ಹರಡಬೇಡಿ. ಜನ ಸೇರಿದರೆ ಅದಕ್ಕೂ ತೊಂದರೆ, ನಿಮಗೂ ತೊಂದರೆ.

ಮುಲುಂಡ್ ಮುಳ್ಳುಹಂದಿ:
ಸತೀಶರ ಈ ಮಾತು ನೂರಕ್ಕೆ ನೂರು ಸರಿ. 940 ವಿಷಯ ಮಾತ್ರ ಒಪ್ಪುವುದಿಲ್ಲ.

ಕೋಥರೂಡ್ ಕುಲಕರ್ಣಿ:
ಟ್ರೈಪಾಡ್ ಮಾತು ಬಂತಲ್ಲ, ಹಗುರದ್ದು ತಗೊಳ್ಳಬೇಡಿ ರೀ. ನಡುಗಂಬದ ಕೊಕ್ಕೆಗೆ ನೀರಿನ ಬಾಟಲಿ ತುಂಬಿದ ಚೀಲ ನೇತು ಹಾಕಿ, ಗಾಳಿಗೆ ಅಲುಗುವುದಿಲ್ಲ. ಮತ್ತೆ, ಮುಂಬೈಯ ತೇವಕ್ಕೆ ಲೆನ್ಸಿನಲ್ಲಿ ಫಂಗಸ್ ಬರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ನನ್ನ ಹತ್ತಿರ ಕರೆಂಟಿನ ಡ್ರೈ ಕ್ಯಾಬಿನೆಟ್ ಇದೆ, ತೇವ 45 ಶೇಕಡಕ್ಕೆ ನಿಲ್ಲಿಸಿದ್ದೇನೆ.

ಡೊಂಬಿವಲಿ ರಾವ್:
45 ಆ? ನಾನು 40ಕ್ಕೆ ಇಟ್ಟಿದ್ದೇನೆ. ಸಿಲಿಕಾ ಜೆಲ್ ಬಣ್ಣ ಬದಲಾದ ಮೇಲೆ ಓವನ್ನಿನಲ್ಲಿ ಒಣಗಿಸುತ್ತೀರಾ, ಬಿಸಿಲಿನಲ್ಲಾ? ಬ್ಯಾಟರಿಗಳನ್ನೂ ಅದೇ ಕ್ಯಾಬಿನೆಟ್ಟಿನಲ್ಲಿ ಇಡಬಹುದಾ?

ಘೋಡಬಂದರ್ ಗೂಬೆ:
ವಾಪಸ್ ಕೊಡುತ್ತಿಲ್ಲ. ಟಾರ್ಚ್ ಹುಡುಕುತ್ತಿದ್ದೇನೆ. 3 ವ್ಯಾಟ್, 5 ವ್ಯಾಟ್ ಎರಡೂ ಇವೆ, ಬೆಲೆಯಲ್ಲಿ ದುಪ್ಪಟ್ಟು ವ್ಯತ್ಯಾಸ. 230 ಮೀಟರಿಗೆ ಯಾರಾದರೂ ಬಳಸಿ ನೋಡಿದ್ದೀರಾ?

ಸಾಂತಾಕ್ರೂಜ್ ಸತೀಶ:
ವ್ಯಾಟ್‌ಗಿಂತ ಮುಂದಿನ ಲೆನ್ಸ್ ಎಷ್ಟು ಅಗಲ ಇದೆ ನೋಡಿ. ಅಗಲ ಲೆನ್ಸಿದ್ದರೆ ಕಿರಣ ಹೆಚ್ಚು ಚೂಪಾಗುತ್ತದೆ. ಮತ್ತೆ ದಯವಿಟ್ಟು 940ರದ್ದೂ ಒಂದು ಕೇಳಿ ನೋಡಿ.