ಪದ ಬೇಕಾಗಿದೆ: ಗುದದ ಬಿರುಕಿಗೆ ಮಾಡುವ ಸ್ಫಿಂಕ್ಟರಾಟಮಿಗೆ ಕನ್ನಡದಲ್ಲಿ ಏನೆನ್ನಬೇಕು?

ಎಲ್ಲರಿಗೂ ನಮಸ್ಕಾರ.

ಆಸ್ಪತ್ರೆಯೊಂದರ ಶಸ್ತ್ರಚಿಕಿತ್ಸಾ ವಿಭಾಗಕ್ಕಾಗಿ ರೋಗಿಗಳು ಸಹಿ ಹಾಕುವ ಒಪ್ಪಿಗೆ ಪತ್ರಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹನ್ನೊಂದರಲ್ಲಿ ಹತ್ತು ಮುಗಿದಿವೆ. ಉಳಿದಿರುವುದು ಔಷಧಕ್ಕೆ ಬಗ್ಗದೆ ಹಳತಾದ ಫಿಶರ್‌ಗೆ ಮಾಡುವ ಲ್ಯಾಟರಲ್ ಇಂಟರ್ನಲ್ ಸ್ಫಿಂಕ್ಟರಾಟಮಿಯ ಪತ್ರ. ಸೋಮವಾರ ಬೆಳಿಗ್ಗೆ ಅದು ಅಚ್ಚಿಗೆ ಹೋಗಬೇಕು.

ಈಗ ಬಳಕೆಯಲ್ಲಿರುವ ಪತ್ರದ ತಲೆಬರಹ ‘ಪಾರ್ಶ್ವ ಆಂತರಿಕ ಗುದ ಸಂಕೋಚಕ ಛೇದನ’ ಎಂದಿದೆ. ನಿನ್ನೆ ಅದನ್ನು ನಮ್ಮ ಚಿಕ್ಕಮ್ಮನಿಗೆ ಓದಿ ಹೇಳಿದೆ. ಅವರು ಏಳನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಕಲಿತವರು, ದಿನವೂ ಪತ್ರಿಕೆ ಓದುವವರು. ಮೊದಲ ಪದಕ್ಕೇ ನನ್ನನ್ನು ತಡೆದು, “ಏನೇ ಇದು, ಲಕ್ವ ಹೊಡೆದವರಿಗೆ ಮಾಡುವುದಾ?” ಎಂದು ಕೇಳಿದರು. ಅವರು ಬಲ್ಲ ಪಾರ್ಶ್ವ ಎಂದರೆ ಪಾರ್ಶ್ವವಾಯುವಿನ ಪಾರ್ಶ್ವ ಒಂದೇ. ಆಮೇಲೆ ನಾನು ಎಷ್ಟು ಬಿಡಿಸಿ ಹೇಳಿದರೂ ಅವರ ಮುಖದಲ್ಲಿ ಮೂಡಿದ ಆತಂಕ ಪೂರ್ತಿ ಇಳಿಯಲಿಲ್ಲ. ಇಂತಹ ಪತ್ರವನ್ನು ಆಪರೇಷನ್ನಿನ ಹಿಂದಿನ ರಾತ್ರಿ ವಾರ್ಡಿನ ಮಂಚದ ಮೇಲೆ ಕುಳಿತು ಓದುವವರ ಪಾಡೇನು ಎಂದು ಯೋಚಿಸಿದಾಗ, ಇದನ್ನು ಹೀಗೆಯೇ ಬಿಟ್ಟುಕೊಡಲು ನನಗೆ ಮನಸ್ಸಾಗಲಿಲ್ಲ.

ನನ್ನ ಮೊದಲ ತೊಡಕು ಫಿಶರ್. ತುಟಿಗೂ ಹಿಮ್ಮಡಿಗೂ ನಾವು ‘ಒಡೆದಿದೆ’ ಎನ್ನುತ್ತೇವೆ, ಗೋಡೆಗೂ ಕೆರೆಯಂಗಳಕ್ಕೂ ‘ಬಿರುಕು ಬಿಟ್ಟಿದೆ’ ಎನ್ನುತ್ತೇವೆ. ‘ಸೀಳು’ ಎಂದರೆ ಸೀಳುತುಟಿ ನೆನಪಾಗಿ, ಆಳಕ್ಕೆ ಇಬ್ಭಾಗವಾದದ್ದು ಎಂಬ ಭಾವನೆ ಬರುತ್ತದೆ. ಆದ್ದರಿಂದ ‘ಬಿರುಕು’ ಎಂದು ಬರೆದುಕೊಂಡಿದ್ದೇನೆ. ಎರಡನೆಯದು ಸ್ಫಿಂಕ್ಟರ್, ಅಂದರೆ ಗುದವನ್ನು ಮುಚ್ಚಿ ಹಿಡಿಯುವ ಸ್ನಾಯು, ಅದಕ್ಕೆ ನನ್ನಲ್ಲಿ ಪದವೇ ಇಲ್ಲ. ಮೂರನೆಯದು ಕೊನೆಯ ‘ಟಮಿ’: ಅದು ಛೇದನವೋ, ಕೊಯ್ತವೋ, ಬೇರೆ ಏನಾದರೂ ಇದೆಯೋ? ದಯವಿಟ್ಟು ಭಾನುವಾರ ರಾತ್ರಿಯೊಳಗೆ ತಿಳಿಸಿ.

ಶಿವಮೊಗ್ಗದಿಂದ, ಅನುವಾದಕಿ

*

ಮಾನ್ಯರೇ,

ಹೊಸ ಪದಗಳನ್ನು ಹುಡುಕುವ ಅಗತ್ಯವೇ ಇಲ್ಲ. ಆಯುರ್ವೇದದಲ್ಲಿ ‘ಪರಿಕರ್ತಿಕಾ’ ಎಂಬ ಪದ ಚರಕ, ಸುಶ್ರುತರ ಕಾಲದಿಂದ ಇದೆ. ಪರಿ ಎಂದರೆ ಸುತ್ತಲೂ, ಕೃತ್ ಧಾತುವಿಗೆ ಕತ್ತರಿಸು ಎಂದು ಅರ್ಥ. ಸುತ್ತಲೂ ಕತ್ತರಿಸಿದಂತಹ ನೋವುಳ್ಳದ್ದು ಪರಿಕರ್ತಿಕಾ. ನಮ್ಮ ‘ಕತ್ತರಿ’ ಕೂಡ ಇದೇ ಧಾತುವಿನ ‘ಕರ್ತರೀ’ ಶಬ್ದದ ತದ್ಭವ ಎಂಬುದನ್ನು ಗಮನಿಸಬೇಕು. ಇನ್ನು ಸ್ಫಿಂಕ್ಟರ್. ಸುಶ್ರುತನು ಗುದದಲ್ಲಿ ಪ್ರವಾಹಿಣೀ, ವಿಸರ್ಜನೀ, ಸಂವರಣೀ ಎಂಬ ಮೂರು ವಲಿಗಳನ್ನು, ಅಂದರೆ ಮಡಿಕೆಗಳನ್ನು, ಹೇಳಿದ್ದಾನೆ. ಮುಚ್ಚುವ ಕೆಲಸ ಮಾಡುವುದು ಸಂವರಣೀ. ‘ಪರಿಕರ್ತಿಕೆಗೆ ಸಂವರಣೀ ಛೇದನ’ ಎಂದು ಬರೆಯಿರಿ. ಇದರಲ್ಲಿ ಚರ್ಚಿಸುವಂತಹುದು ಏನೂ ಇಲ್ಲ.

ಮೈಸೂರಿನಿಂದ

*

‘ಸಂವರಣೀ ಛೇದನ’ ಎಂಬುದು ಕನ್ನಡವಲ್ಲ. ಕನ್ನಡ ಲಿಪಿಯಲ್ಲಿ ಬರೆದ ಮಾತ್ರಕ್ಕೆ ಅದು ಕನ್ನಡವಾಗುವುದೂ ಇಲ್ಲ.

ಅನುವಾದಕಿಯವರಿಗೂ ಒಂದು ಮಾತು ಹೇಳಬೇಕು. ಇಂತಹ ಪತ್ರಗಳಲ್ಲಿ ‘ಗುದ ಬಿರುಕು’ ಎಂಬ ಜೋಡಣೆಯನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ, ಅದು ಅರಿಸಮಾಸ. ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಹೀಗೆ ಅಂಟಿಸಬಾರದೆಂದು ಕೇಶಿರಾಜನು ಹದಿಮೂರನೆಯ ಶತಮಾನದಲ್ಲೇ ಎಚ್ಚರಿಸಿದ್ದಾನೆ. ನೀವು ತಲೆಬರಹದಲ್ಲಿ ‘ಗುದದ ಬಿರುಕು’ ಎಂದು ವಿಭಕ್ತಿಯನ್ನು ಉಳಿಸಿಕೊಂಡಿರುವುದು ಸರಿಯಾಗಿದೆ, ಅದನ್ನು ಕೈಬಿಡಬೇಡಿ. ಆದರೆ ‘ಗುದ’ ಏಕೆ ಬೇಕು ಎಂಬುದು ನನ್ನ ಮೂಲ ಪ್ರಶ್ನೆ. ನಮ್ಮ ಕಡೆಯವರು ಡಾಕ್ಟರ ಮುಂದೆ ‘ಸಂಡಾಸದ ಜಾಗ’ ಎನ್ನುತ್ತಾರೆ, ಯಾವ ಡಾಕ್ಟರಿಗೂ ಅದು ಅರ್ಥವಾಗದೆ ಹೋಗಿಲ್ಲ. ಸ್ಫಿಂಕ್ಟರಿಗೆ ‘ಬಿಗಿಯುಂಗುರ’ ಎನ್ನಿ, ಶಸ್ತ್ರಚಿಕಿತ್ಸೆಗೆ ‘ಕೊಯ್ತ’ ಎನ್ನಿ. ಮೊದಲು ಸಂಸ್ಕೃತದಿಂದ, ಆಮೇಲೆ ಇಂಗ್ಲಿಷಿನಿಂದ ಎರವಲು ತರುತ್ತಾ ನಮ್ಮ ಮೈಯ ಭಾಗಗಳಿಗೆ ನಾವೇ ಇಟ್ಟುಕೊಂಡಿದ್ದ ಹೆಸರುಗಳನ್ನು ಅಸಭ್ಯವೆಂದು ತಳ್ಳಿದ್ದೇವೆ. ನೋವು ತಿನ್ನುವವನು ತನ್ನ ನೋವಿನ ಜಾಗಕ್ಕೆ ಹೆಸರು ಹೇಳಲು ಕೂಡ ನಾಚಿಕೊಳ್ಳುವಂತಾದದ್ದು ಇದರಿಂದಲೇ.

ಧಾರವಾಡದಿಂದ

*

ಸ್ಫಿಂಕ್ಟರಾಟಮಿ ಎಂದೇ ಬರೆಯಿರಿ. ಆಪರೇಷನ್, ಇಂಜೆಕ್ಷನ್, ಸ್ಕ್ಯಾನಿಂಗ್ ಎಂಬ ಮಾತುಗಳನ್ನು ಆಡುವವರು ಇದನ್ನೂ ಆಡುತ್ತಾರೆ. ಊರೂರಿನ ಫಲಕಗಳಲ್ಲಿ ‘ಪೈಲ್ಸ್, ಫಿಶರ್, ಫಿಸ್ಟುಲಾ’ ಎಂದು ಕನ್ನಡ ಲಿಪಿಯಲ್ಲೇ ಬರೆದಿರುತ್ತಾರೆ, ಜನ ಓದಿಕೊಂಡು ಒಳಗೆ ಹೋಗುತ್ತಾರೆ. ಬಿಗಿಯುಂಗುರ ಎಂದರೆ ಬೆರಳಿನ ಉಂಗುರ ಬಿಗಿಯಾಗಿದೆ ಎಂದುಕೊಳ್ಳುತ್ತಾರೆ.

ಬೆಂಗಳೂರಿನಿಂದ

*

ಮಾನ್ಯ ಮಿತ್ರರೇ,

ನಾನು ತಾಲ್ಲೂಕು ಆಸ್ಪತ್ರೆಗಳಲ್ಲಿ ಶಸ್ತ್ರವೈದ್ಯನಾಗಿ ದುಡಿದು ನಿವೃತ್ತನಾದವನು. ಈ ಬಳಗದಲ್ಲಿ ಹೆಚ್ಚಾಗಿ ಓದುತ್ತೇನೆಯೇ ಹೊರತು ಬರೆಯುವುದಿಲ್ಲ. ಈ ಪತ್ರಗಳನ್ನು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ, ಏಕೆಂದರೆ ಮೂವರು ಹಿರಿಯರೂ ಹೆಸರಿನ ಬೇರನ್ನು ನೋಡಿದ್ದಾರೆ, ಕತ್ತಿ ಎಲ್ಲಿ ಓಡುತ್ತದೆ ಎಂಬುದನ್ನು ಯಾರೂ ನೋಡಿಲ್ಲ.

ಬಿರುಕು ಆಗುವುದು ಹೆಚ್ಚಿನವರಲ್ಲಿ ಗುದನಾಳದ ಹಿಂಬದಿಯ ನಡುಗೆರೆಯಲ್ಲಿ. ಗಟ್ಟಿ ಮಲದಿಂದ ಹರಿದು ಆದ ಆ ಗಾಯ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಮಾಯಬೇಕು. ಆರರಿಂದ ಎಂಟು ವಾರ ಕಳೆದರೂ ಮಾಯದಿದ್ದರೆ ಅದನ್ನು ಹಳೆಯ ಬಿರುಕು ಎನ್ನುತ್ತೇವೆ. ಆಗ ಬಿರುಕಿನ ತಳದಲ್ಲಿ ಒಳ ಸ್ನಾಯುವಿನ ಬಿಳುಪಾದ ಎಳೆಗಳು ಕಾಣಿಸುತ್ತವೆ. ಹೊರತುದಿಯಲ್ಲಿ ಚರ್ಮದ ಸಣ್ಣ ಗಂಟು ಬೆಳೆಯುತ್ತದೆ, ರೋಗಿಗಳು ಅದನ್ನೇ ಮೂಲವ್ಯಾಧಿಯ ಮೊಳೆ ಎಂದುಕೊಂಡು ಬರುತ್ತಾರೆ. ಮಾಯದಿರುವುದಕ್ಕೆ ಕಾರಣ ಬಿರುಕಿನಲ್ಲಿಲ್ಲ, ಸ್ನಾಯುವಿನಲ್ಲಿದೆ. ಗುದನಾಳವನ್ನು ಸದಾ ಮುಚ್ಚಿ ಹಿಡಿಯುವ ಒಳ ಸ್ನಾಯು ನಮ್ಮ ಇಚ್ಛೆಗೆ ಒಳಪಟ್ಟದ್ದಲ್ಲ. ನೋವಿಗೆ ಅದು ಸೆಟೆದುಕೊಳ್ಳುತ್ತದೆ, ಸೆಟೆದಾಗ ಬಿರುಕಿನ ಜಾಗಕ್ಕೆ ರಕ್ತದ ಹರಿವು ಕುಗ್ಗುತ್ತದೆ, ರಕ್ತ ಸಾಲದೆ ಗಾಯ ಮಾಯುವುದಿಲ್ಲ, ಮಾಯದ ಗಾಯ ಮತ್ತೆ ನೋಯುತ್ತದೆ. ಡಿಲ್ಟಿಯಾಜೆಮ್ ಅಥವಾ ನೈಟ್ರೋಗ್ಲಿಸರಿನ್ ಮುಲಾಮು ಹಚ್ಚಿಸುವುದೂ, ಬೊಟಾಕ್ಸ್ ಚುಚ್ಚುವುದೂ ಈ ಸೆಟೆತವನ್ನು ಬಿಡಿಸುವುದಕ್ಕಾಗಿ. ಅವುಗಳಿಂದ ಆಗದಿದ್ದಾಗ ಸ್ಫಿಂಕ್ಟರಾಟಮಿ ಮಾಡುತ್ತೇವೆ. ಆಗಲೂ ಕೊಯ್ಯುವುದು ಸ್ನಾಯುವನ್ನು. ಬಿರುಕನ್ನು ಅದರ ಪಾಡಿಗೆ ಬಿಟ್ಟು ಬರುತ್ತೇವೆ, ಸ್ನಾಯು ಸಡಿಲವಾದ ಮೇಲೆ ಅದು ತಾನಾಗಿ ಮಾಯುತ್ತದೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹಲವು ವರ್ಷಗಳ ಹಿಂದೆ ಆಟೋ ಓಡಿಸುವವರೊಬ್ಬರಿಗೆ ಈ ಶಸ್ತ್ರಚಿಕಿತ್ಸೆ ಮಾಡಿದ್ದೆ. ನಾಲ್ಕನೆಯ ದಿನ ಅವರು ಹೆಂಡತಿಯೊಡನೆ ಕೆಂಡವಾಗಿ ಬಂದರು. ಬಿಸಿನೀರಿನ ಟಬ್ಬಿನಿಂದ ಎದ್ದಾಗ ಆಕೆ ನೋಡಿ, “ಹಳೇ ಗಾಯ ಹಂಗೇ ಐತೆ, ಪಕ್ಕದಲ್ಲಿ ಇನ್ನೊಂದು ಗಾಯ ಮಾಡವ್ರೆ” ಎಂದಿದ್ದರು. ಆಕೆ ಕಂಡದ್ದು ನಿಜ. ನಾನು ಸಹಿ ಹಾಕಿಸಿಕೊಂಡಿದ್ದ ಹಾಳೆಯಲ್ಲಿ ‘ಬಿರುಕಿನ ಶಸ್ತ್ರಚಿಕಿತ್ಸೆ’ ಎಂದಷ್ಟೇ ಇತ್ತು. ಅದನ್ನು ಓದಿದವರು ಬಿರುಕಿಗೆ ಹೊಲಿಗೆ ಹಾಕುತ್ತಾರೆ ಎಂದು ತಿಳಿದಿದ್ದರೆ ಅದು ಅವರ ತಪ್ಪಲ್ಲ. ಆ ಸಹಿಯನ್ನು ಒಪ್ಪಿಗೆ ಎಂದು ಕರೆಯಲು ನನಗೆ ಈಗಲೂ ಮನಸ್ಸು ಬರುವುದಿಲ್ಲ. ಹಾಗಾಗಿ ‘ಪರಿಕರ್ತಿಕೆ’ ಎಂದರೂ ‘ಗುದದ ಬಿರುಕು’ ಎಂದರೂ ಹೆಸರಿನಲ್ಲಿ ರೋಗವೊಂದನ್ನೇ ಹೇಳಿದರೆ ಸಾಲದು. ಸ್ನಾಯು ಬರಲೇಬೇಕು, ಪಕ್ಕ ಎಂಬುದೂ ಬರಲೇಬೇಕು.

ಪಕ್ಕ ಎಂಬುದು ಅಲಂಕಾರಕ್ಕೆ ಸೇರಿದ ಮಾತಲ್ಲ. 1951ರಲ್ಲಿ ದಕ್ಷಿಣ ಆಫ್ರಿಕಾದ ಐಸೆನ್‌ಹ್ಯಾಮರ್ ಒಳ ಸ್ನಾಯುವನ್ನು ಕೊಯ್ಯುವ ಕ್ರಮವನ್ನು ಪ್ರಕಟಿಸಿದಾಗ ಹಿಂಬದಿಯ ನಡುಗೆರೆಯಲ್ಲೇ ಕೊಯ್ಯುತ್ತಿದ್ದರು. ಅಲ್ಲಿ ಮಾಯ್ದ ಗಾಯ ಕೆಲವರಲ್ಲಿ ಕೀಲಿಯ ಕಿಂಡಿಯಂತಹ ತಗ್ಗನ್ನು ಉಳಿಸಿ, ಅದರ ಮೂಲಕ ಬಟ್ಟೆಗೆ ಕಲೆಯಾಗುತ್ತಿತ್ತು. ನೊಟಾರಸ್ 1969ರಲ್ಲಿ ಚರ್ಮದಡಿಯಲ್ಲಿ ಕಿರಿದಾದ ಅಲಗನ್ನು ತೂರಿಸಿ ಮಗ್ಗುಲಿನಲ್ಲಿ ಕೊಯ್ಯುವ ಕ್ರಮವನ್ನು ತೋರಿಸಿದ ಮೇಲೆ ಆ ತೊಂದರೆ ತಪ್ಪಿತು. ರೋಗಿಯನ್ನು ಬೆನ್ನ ಮೇಲೆ ಮಲಗಿಸಿ ಕಾಲೆತ್ತಿ ಕಟ್ಟಿದಾಗ ಗಡಿಯಾರದ ಮೂರು ಗಂಟೆಯ ಜಾಗ, ಅಂದರೆ ರೋಗಿಯ ಎಡ ಮಗ್ಗುಲು, ನಾನು ಕೊಯ್ಯುತ್ತಿದ್ದ ಜಾಗ. ಒಳಗಿಟ್ಟ ಬೆರಳಿಗೆ ಆ ಸ್ನಾಯು ಬಿಗಿದ ಹಗ್ಗದಂತೆ ತಾಗುತ್ತದೆ, ಎಳೆಗಳು ಬಿಡುತ್ತಿದ್ದಂತೆ ಆ ಬಿಗಿ ಬೆರಳ ಕೆಳಗೇ ಕುಸಿಯುತ್ತದೆ. ಒಮ್ಮೆ ಅದನ್ನು ಮುಟ್ಟಿ ಅರಿತವರು ‘ಸಂಕೋಚಕ’ ಎಂದು ಬರೆಯಲಾರರು, ‘ಬಿಗಿ’ ಎಂದೇ ಬರೆಯುತ್ತಾರೆ. ಈ ವಿಷಯದಲ್ಲಿ ನಾನು ಧಾರವಾಡದವರ ಪಕ್ಷ. ಆದರೆ ಉಂಗುರ ಬೇಡ. ‘ಬಿಗಿಯುವ ಸ್ನಾಯು’ ಎನ್ನೋಣ. ಬಿಗಿಯುವ ಎಂಬುದು ಕೃದಂತವಾದ್ದರಿಂದ ಇದು ಗಮಕಸಮಾಸವಾಗುತ್ತದೆ, ಗಮಕಕ್ಕೆ ಅರಿಸಮಾಸದ ದೋಷವಿಲ್ಲ ಎಂಬುದನ್ನು ಅವರೂ ಒಪ್ಪುತ್ತಾರೆಂದು ನಂಬಿದ್ದೇನೆ.

ಮೈಸೂರಿನವರಿಗೆ ಒಂದು ಸೂಕ್ಷ್ಮವನ್ನು ನೆನಪಿಸಬೇಕಾಗಿದೆ. ಸುಶ್ರುತನ ಎಂಟು ಶಸ್ತ್ರಕರ್ಮಗಳಲ್ಲಿ ಛೇದನವೆಂದರೆ ಕತ್ತರಿಸಿ ತೆಗೆಯುವುದು, ಭೇದನವೆಂದರೆ ಕೊಯ್ದು ಬಿಡಿಸುವುದು. ಇಲ್ಲಿ ಏನನ್ನೂ ತೆಗೆಯುವುದಿಲ್ಲ. ಆದ್ದರಿಂದ ಸುಶ್ರುತನನ್ನೇ ಹಿಡಿದು ಹೊರಟರೆ ‘ಛೇದನ’ ತಪ್ಪು, ‘ಭೇದನ’ ಸರಿ. ಆದರೆ ಕನ್ನಡಿಗರಿಗೆ ಭೇದಿ ಎಂದರೆ ಏನೆಂದು ಎಲ್ಲರೂ ಬಲ್ಲೆವು. ದೇಹದ ಈ ಭಾಗದ ಮಾತಾಡುವಾಗ ‘ಭೇದನ’ ಎಂದು ಅಚ್ಚು ಹಾಕಿಸಿದರೆ ಓದುವವರ ಮನಸ್ಸು ಎಲ್ಲಿಗೆ ಹೋಗುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ. ‘ಕೊಯ್ದು ಸಡಿಲಿಸುವುದು’ ಎಂದರೆ ಕೆಲಸವೂ ಉದ್ದೇಶವೂ ಒಟ್ಟಿಗೆ ಬರುತ್ತವೆ.

ಕೊನೆಯದಾಗಿ, ಯಾರೂ ಕೇಳದ ಒಂದು ಪದ. ಈ ಶಸ್ತ್ರಚಿಕಿತ್ಸೆಯಿಂದ 100ರಲ್ಲಿ 90ಕ್ಕೂ ಹೆಚ್ಚು ಬಿರುಕುಗಳು ಮಾಯುತ್ತವೆ. ಕೆಲವರಿಗೆ ಮಾತ್ರ ಹೂಸನ್ನು ತಡೆಯುವ ಹಿಡಿತ ತಪ್ಪಬಹುದು, ಇನ್ನೂ ಕಡಿಮೆ ಮಂದಿಗೆ ಮಲದ ಹಿಡಿತವೂ ಸಡಿಲವಾಗಬಹುದು. ಪತ್ರಗಳಲ್ಲಿ ಇದನ್ನು ‘ಅಪಾನವಾಯು ನಿಯಂತ್ರಣದಲ್ಲಿ ವ್ಯತ್ಯಯ’ ಎಂದು ಬರೆಯುತ್ತಾರೆ. ಸಭೆಯಲ್ಲಿ ಕೂರುವವರು, ಪಾಠ ಮಾಡುವವರು, ಹೆರಿಗೆಯಲ್ಲಿ ಆ ಸ್ನಾಯುಗಳಿಗೆ ಮೊದಲೇ ಪೆಟ್ಟಾದ ಹೆಂಗಸರು ಸಹಿ ಹಾಕುವ ಮುನ್ನ ಎಲ್ಲಕ್ಕಿಂತ ಹೆಚ್ಚಾಗಿ ತೂಗಿ ನೋಡಬೇಕಾದ ಮಾತು ಇದು. ದಯವಿಟ್ಟು ‘ಹೂಸು’ ಎಂದೇ ಬರೆಯಿರಿ.

ಹಾಸನದಿಂದ

*

‘ಹೂಸು’ ಎಂಬ ಪದವನ್ನು ಆಸ್ಪತ್ರೆಯ ಪತ್ರದಲ್ಲಿ ಬರೆಯುವುದಾದರೆ ಭಾಷೆಯ ಘನತೆಯ ಬಗ್ಗೆ ಮಾತನಾಡುವುದನ್ನೇ ನಿಲ್ಲಿಸಬಹುದು. ಭೇದನದ ವಿಷಯವನ್ನು ಒಪ್ಪಿದ್ದೇನೆ.

ಮೈಸೂರಿನಿಂದ

*

ಎಲ್ಲರಿಗೂ ವಂದನೆಗಳು.

ತಲೆಬರಹವನ್ನು ಹೀಗೆ ಇಟ್ಟಿದ್ದೇನೆ: ‘ಗುದದ ಹಳೆಯ ಬಿರುಕು ಮಾಯಲು, ಒಳಗಿನ ಬಿಗಿಯುವ ಸ್ನಾಯುವನ್ನು ಪಕ್ಕದಲ್ಲಿ ಕೊಯ್ದು ಸಡಿಲಿಸುವ ಶಸ್ತ್ರಚಿಕಿತ್ಸೆ’. ಅದರ ಕೆಳಗಿನ ಸಾಲಿನಲ್ಲಿ ‘ಡಾಕ್ಟರರು ಇದನ್ನು ಸ್ಫಿಂಕ್ಟರಾಟಮಿ ಎನ್ನುತ್ತಾರೆ’ ಎಂದು ಸೇರಿಸಿದ್ದೇನೆ, ಏಕೆಂದರೆ ಡಿಸ್ಚಾರ್ಜ್ ಚೀಟಿಯಲ್ಲಿ ಆ ಹೆಸರೇ ಇರುತ್ತದೆ, ಎರಡೂ ಒಂದೇ ಎಂದು ರೋಗಿಗೆ ತಿಳಿಯಬೇಕು. ‘ಶಸ್ತ್ರಚಿಕಿತ್ಸೆ’ಯನ್ನು ಬಿಟ್ಟು ‘ಕೊಯ್ತ’ ಎನ್ನಲು ನನಗೆ ಧೈರ್ಯ ಬರಲಿಲ್ಲ, ಧಾರವಾಡದವರು ಮನ್ನಿಸಬೇಕು. ಒಳಗಿನ ಸಾಲುಗಳಲ್ಲಿ ಗುದದ ಜೊತೆಗೆ ಒಮ್ಮೆ ‘ಮಲ ಹೋಗುವ ಜಾಗ’ ಎಂದು ಬಿಡಿಸಿ ಬರೆದಿದ್ದೇನೆ. ಬಿರುಕನ್ನು ಹೊಲಿಯುವುದಿಲ್ಲ, ಪಕ್ಕದಲ್ಲಿ ಸಣ್ಣ ಹೊಸ ಗಾಯ ಇರುತ್ತದೆ ಎಂಬ ಮಾತಿಗೆ ಪ್ರತ್ಯೇಕ ಸಾಲು ಕೊಟ್ಟಿದ್ದೇನೆ. ‘ಹೂಸು’ ಉಳಿಯುತ್ತದೆ.

ಸಂಜೆ ಚಿಕ್ಕಮ್ಮನಿಗೆ ಪತ್ರವನ್ನು ಮತ್ತೆ ಓದಿ ಹೇಳಿದೆ. ಈ ಸಲ ಎಲ್ಲಿಯೂ ತಡೆಯದೆ ಕೊನೆಯವರೆಗೂ ಕೇಳಿ, “ಎಷ್ಟು ಕೊಯ್ತಾರೆ? ಪೂರ್ತಿ ಕೊಯ್ದುಬಿಟ್ಟರೆ ತಡೆಯೋದು ಹೇಗೆ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಹಾಸನದ ಡಾಕ್ಟರ್ ಸಾಹೇಬರು ತಿಳಿಸಿದರೆ ರಾತ್ರಿಯೊಳಗೆ ಅದನ್ನೂ ಸೇರಿಸುತ್ತೇನೆ.

ಶಿವಮೊಗ್ಗದಿಂದ

*

ಹಿಂದೆ ಗುದನಾಳದ ನಡುವಿನ ಡೆಂಟೇಟ್ ಗೆರೆಯವರೆಗೂ ಕೊಯ್ಯುವ ರೂಢಿಯಿತ್ತು. ಈಗ ಹಲವರು ಬಿರುಕು ಎಷ್ಟು ಉದ್ದವಿದೆಯೋ ಅಷ್ಟಕ್ಕೇ ನಿಲ್ಲಿಸುತ್ತಾರೆ. ಹೊರಗಿನ ಸ್ನಾಯುವನ್ನು, ಅಂದರೆ ನಾವು ಬೇಕೆಂದಾಗ ಬಿಗಿಹಿಡಿಯುವುದನ್ನು, ಮುಟ್ಟುವುದೇ ಇಲ್ಲ. ‘ಒಳಗಿನ ಸ್ನಾಯುವಿನ ಒಂದು ಭಾಗವನ್ನು ಮಾತ್ರ’ ಎಂದು ಬರೆದು, ಅದರ ಮುಂದೆ ಅಳತೆಗೆ ಖಾಲಿ ಜಾಗ ಬಿಡಿ. ಎಷ್ಟೆಂಬುದನ್ನು ಕೊಯ್ಯುವ ಡಾಕ್ಟರೇ ರೋಗಿಯ ಎದುರಿನಲ್ಲಿ ಕೈಬರಹದಲ್ಲಿ ತುಂಬಲಿ.

ಹಾಸನದಿಂದ