ದಾವಣಗೆರೆಯಲ್ಲಿ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಮೀಟಿಂಗ್‌ಗೆ ಹೋದವರು ಯಾರಾದರೂ ಇದ್ದೀರಾ?

ಶಟರ್_41:
ವಯಸ್ಸು 41. ಪಿ.ಬಿ. ರೋಡ್ ಕಡೆ ಸಣ್ಣ ಅಂಗಡಿ ಇದೆ. ಮೊದಲು ಶನಿವಾರ ಮಾತ್ರ ಕುಡಿಯುತ್ತಿದ್ದೆ, ಆಮೇಲೆ ದಿನಾ ಅಂಗಡಿ ಬಾಗಿಲು ಹಾಕಿದ ಮೇಲೆ, ಈಗ ಆರು ತಿಂಗಳಿಂದ ಬೆಳಿಗ್ಗೆ ಶಟರ್ ಎತ್ತುವ ಮೊದಲೇ ಒಂದು ನೈಂಟಿ ಬೇಕು, ಇಲ್ಲದಿದ್ದರೆ ಬಿಲ್ ಬರೆಯಲು ಕೈ ನಿಲ್ಲುವುದಿಲ್ಲ. ಹೋದ ವಾರ ಮಗಳು ಸ್ಕೂಲಿಗೆ "ಅಮ್ಮ ಒಬ್ಬಳೇ ಬರಲಿ" ಅಂದಳು.

ಕುಡಿತ ಬಿಡಬೇಕು ಅನ್ನುವವರು ಸೇರುವ ಎಎ ಮೀಟಿಂಗ್ ಅಂತ ಕೇಳಿದ್ದೇನೆ. ಎಲ್ಲಿ ಹುಡುಕುವುದು? ದುಡ್ಡು ಎಷ್ಟು? ಎದ್ದು ನಿಂತು ಎಲ್ಲ ಹೇಳಬೇಕಾ? ದೇವರು ಪ್ರಾರ್ಥನೆ ಅಂತೆಲ್ಲ ಇರುತ್ತಂತೆ, ನಿಜವಾ? ದೊಡ್ಡ ಭಯ ಅಂದರೆ ಗುರುತಿನವರು ಸಿಕ್ಕರೆ ಏನು ಮಾಡುವುದು ಅನ್ನೋದು. ನಮ್ಮ ಊರು ಗೊತ್ತಲ್ಲ, ಬೆಳಿಗ್ಗೆ ಸೀನಿದ್ದು ಸಂಜೆಗೆ ಮಂಡಕ್ಕಿ ಅಂಗಡಿಯಲ್ಲಿ ಸುದ್ದಿ.

ಕೋಟೆ_ಕಡೆಯವ:
ಗುರುತಿನವರು ಸಿಕ್ಕೇ ಸಿಗುತ್ತಾರೆ ಸರ್. ನಾನು ದುರ್ಗದವನು. ಯಾರೂ ನೋಡಬಾರದು ಅಂತ ಅರವತ್ತು ಕಿಲೋಮೀಟರ್ ಬಸ್ ಹತ್ತಿ ದಾವಣಗೆರೆಗೆ ಬಂದೆ. ಎರಡನೇ ವಾರ ನೋಡಿದರೆ ನಮ್ಮ ಬೀದಿಯ ಗಿರಣಿಯವರು ಮುಂದಿನ ಕುರ್ಚಿಯಲ್ಲಿ ಕೂತಿದ್ದಾರೆ, ಅವರೂ ಯಾರೂ ನೋಡಬಾರದು ಅಂತಲೇ ಇಷ್ಟು ದೂರ ಬಂದವರು! ಈಗ ಇಬ್ಬರೂ ಒಂದೇ ಬಸ್ಸಿಗೆ ಹೋಗುತ್ತೇವೆ.

ಎಎ ಇಂಡಿಯಾ ವೆಬ್‌ಸೈಟಿನಲ್ಲಿ ನಂಬರ್ ಸಿಗುತ್ತದೆ. ಜಾಗ, ಟೈಮು ಬದಲಾಗುತ್ತಿರುತ್ತವೆ, ಫೋನ್ ಮಾಡಿಯೇ ಹೋಗಿ. ಓಪನ್ ಮೀಟಿಂಗಾ ಕ್ಲೋಸ್ಡಾ ಕೇಳಿ, ಓಪನ್ ಇದ್ದರೆ ಮನೆಯವರೂ ಬರಬಹುದು. ಫೀಸು ಇಲ್ಲ. ಖರ್ಚಿಗೆ ಅಂತ ಒಂದು ಚೀಲ ಕೈಯಿಂದ ಕೈಗೆ ಬರುತ್ತದೆ, ಇಷ್ಟ ಇದ್ದರೆ ಹತ್ತಿಪ್ಪತ್ತು ಹಾಕಿ, ಇಲ್ಲದಿದ್ದರೆ ಸುಮ್ನೆ ಮುಂದಕ್ಕೆ ಕೊಡಿ. ಮಾತಾಡಲೇಬೇಕು ಅಂತಿಲ್ಲ, ನಾನು ಒಂದು ತಿಂಗಳು ಬರೀ ಹೆಸರು ಹೇಳಿ ಕೂತೆ. ಪ್ರಾರ್ಥನೆ ಇರುತ್ತದೆ, ಆದರೆ ದೇವರು ಯಾರು ಅನ್ನೋದು ನಿಮಗೆ ಬಿಟ್ಟಿದ್ದು. ನಮ್ಮಲ್ಲಿ ಇಷ್ಟಲಿಂಗ ಕಟ್ಟಿಕೊಂಡವರಿದ್ದಾರೆ, ನಮಾಜ್ ಮುಗಿಸಿ ಬರುವವರಿದ್ದಾರೆ, ನನ್ನಂತೆ ದೇವರ ಗೊಡವೆಗೇ ಹೋಗದವರೂ ಇದ್ದಾರೆ.

ಕೈ ನಡುಕಕ್ಕೆ ನಾಚಿಕೆ ಬೇಡ. ಈ ಎಎ ಶುರುವಾಗಿದ್ದೇ 1935ರಲ್ಲಿ, ಅಮೆರಿಕದ ಆಕ್ರನ್ ಊರಲ್ಲಿ, ಬಿಲ್ ಅನ್ನುವ ಷೇರು ವ್ಯವಹಾರದವನು ಮತ್ತು ಬಾಬ್ ಅನ್ನುವ ಸರ್ಜನ್, ಇಬ್ಬರು ಕುಡುಕರು ಕೂತು ಮಾತಾಡಿದ್ದರಿಂದ. ಆ ಡಾಕ್ಟರು ಆಪರೇಷನ್ ಮಾಡುವಾಗ ಕೈ ನಡುಗಬಾರದು ಅಂತ ಜೂನ್ 10ರಂದು ಬಿಲ್ಲೇ ಒಂದು ಬಿಯರ್ ಕುಡಿಸಿ ಕಳಿಸಿದನಂತೆ. ಅದೇ ಡಾಕ್ಟರ ಕೊನೇ ಕುಡಿತ. ಎಎ ಹುಟ್ಟಿದ ದಿನ ಅಂತ ಅದನ್ನೇ ಆಚರಿಸುತ್ತಾರೆ.

ಜೋಳಿಗೆ_ಭಕ್ತ:
ಇಷ್ಟೆಲ್ಲ ಬೇಕಾ? ನಮ್ಮ ತಂದೆ ಇಳಕಲ್ ಮಹಾಂತ ಸ್ವಾಮಿಗಳು ದುಶ್ಚಟಗಳನ್ನೇ ಭಿಕ್ಷೆ ಬೇಡುತ್ತಿದ್ದ ಜೋಳಿಗೆಗೆ ಕುಡಿತ ಹಾಕಿ ಬಂದವರು ಸಾಯುವ ತನಕ ಮುಟ್ಟಲಿಲ್ಲ. ಆಗಸ್ಟ್ 1ಕ್ಕೆ ವ್ಯಸನಮುಕ್ತ ದಿನ ಮಾಡುವುದು ಅವರ ಹುಟ್ಟುಹಬ್ಬಕ್ಕೇ. ಮನಸ್ಸು ಗಟ್ಟಿ ಇದ್ದರೆ ಇವತ್ತೇ ಬಿಡಬಹುದು.

ರಾತ್ರಿ_ಪಾಳಿ:
ದಯವಿಟ್ಟು ಇವತ್ತೇ ಬಿಡಬೇಡಿ ಅಣ್ಣ! ನಾನು ನರ್ಸ್. ಬೆಳಿಗ್ಗೆ ಕುಡಿಯದೆ ಕೈ ನಡುಗುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡು ಮೂರು ದಿನಕ್ಕೆ ಇಲ್ಲದ್ದೆಲ್ಲ ಕಾಣಿಸಿ, ಕೇಳಿಸಿ ಮೈಮೇಲೆ ಎಚ್ಚರವೇ ಇರುವುದಿಲ್ಲ, ಜೀವ ಹೋದದ್ದೂ ಇದೆ. ಇದು ಮನಸ್ಸು ಗಟ್ಟಿ ಇರುವ ಪ್ರಶ್ನೆ ಅಲ್ಲ, ನರಕ್ಕೆ ಅಭ್ಯಾಸವಾಗಿರುತ್ತದೆ. ಮೊದಲು ಚಿಗಟೇರಿ ಆಸ್ಪತ್ರೆಯಲ್ಲಿ ಮಾನಸಿಕ ವಿಭಾಗ ಎಲ್ಲಿ ಅಂತ ಕೇಳಿ. ಎಷ್ಟು ಕುಡಿಯುತ್ತೀರಿ ಅನ್ನೋದನ್ನು ಕಡಿಮೆ ಮಾಡಿ ಹೇಳಬೇಡಿ, ಎಲ್ಲರೂ ಅರ್ಧ ಹೇಳುತ್ತಾರೆ. ಕೆಲವು ದಿನ ಮಾತ್ರೆ ಕೊಟ್ಟು ನಿಧಾನಕ್ಕೆ ಇಳಿಸುತ್ತಾರೆ, ಬಿ1 ವಿಟಮಿನ್ ಕೊಡುತ್ತಾರೆ. ರಾತ್ರಿ ಮನಸ್ಸು ಕೆಟ್ಟರೆ ಸರ್ಕಾರದ ಸಹಾಯವಾಣಿ ಟೆಲಿ ಮನಸ್, 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮೀಟಿಂಗ್ ಇದರ ಜೊತೆಗೆ, ಇದರ ಬದಲಿಗೆ ಅಲ್ಲ.

ಹರಿಹರದ_ಅಕ್ಕ:
ತಮ್ಮಾ, ನನ್ನದು ಹೆಂಡತಿ ಕಡೆಯ ಮಾತು. ಯಾರೋ ಹೇಳಿದರು ಅಂತ ಕುಡಿತ ಬಿಡಿಸುವ ಮಾತ್ರೆಯನ್ನು ನಮ್ಮವರಿಗೆ ಗೊತ್ತಾಗದಂತೆ ಸಾರಿನಲ್ಲಿ ಹಾಕಿದ್ದೆ. ಅವರು ಅದರ ಮೇಲೆ ಕುಡಿದು ಬಂದು, ಮುಖ ಕೆಂಪಾಗಿ, ಎದೆ ಹೊಡೆದುಕೊಂಡು ಬಿದ್ದರು. ಆ ರಾತ್ರಿ ನೆನೆದರೆ ಈಗಲೂ ಕೈಕಾಲು ತಣ್ಣಗಾಗುತ್ತದೆ. ನಿಮ್ಮ ಮನೆಯವರು ಇದನ್ನು ಮಾಡದಿರಲಿ ಅಂತ ಹೇಳುತ್ತಿದ್ದೇನೆ. ಆಮೇಲೆ ಧರ್ಮಸ್ಥಳ ಸಂಸ್ಥೆಯವರ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಿಟ್ಟರು, ನಂತರ ಶಿಬಿರ ಮುಗಿಸಿದವರ ನವಜೀವನ ಸಮಿತಿ ಸಭೆಗೆ ಬನ್ನಿ ಅಂದಾಗ ಹೋಗಲಿಲ್ಲ, ಒಂದು ಮದುವೆ ಊಟದಲ್ಲಿ ಮತ್ತೆ ಶುರು. ಈಗ ವಾರ ತಪ್ಪಿಸದೆ ಎಎಗೆ ಹೋಗುತ್ತಾರೆ. ಮನೆಯವರಿಗೆ ಆಲ್-ಅನಾನ್ ಅಂತ ಬೇರೆ ಗುಂಪು ಇದೆ. ನಾನು ಆನ್‌ಲೈನಲ್ಲಿ ಸೇರುತ್ತೇನೆ, ಅಲ್ಲಿ ಅತ್ತಷ್ಟು ಎಲ್ಲೂ ಅತ್ತಿಲ್ಲ.

ಶಟರ್_41:
ಮೂರು ವಾರ ಆಯಿತು. ಆಸ್ಪತ್ರೆಗೆ ಹೋದೆ. ಅರ್ಧ ಹೇಳಲು ಬಾಯಿ ತೆಗೆದವನು ನರ್ಸ್ ತಂಗಿ ಮಾತು ನೆನಪಾಗಿ ಪೂರ್ತಿ ಹೇಳಿದೆ. ಇವತ್ತಿಗೆ ಹದಿನಾರು ದಿನ.

ಭಾನುವಾರ ಮೀಟಿಂಗ್‌ಗೂ ಹೋದೆ. ಇಪ್ಪತ್ತು ನಿಮಿಷ ಬೈಕ್ ಮೇಲೆ ಕೂತು ಸುಮ್ನೆ ಫೋನ್ ನೋಡುತ್ತಿದ್ದೆ. ಒಳಗಿಂದ ಒಬ್ಬರು ಬಂದು "ಬರ್ರಿ, ಚಾ ಆರುತ್ತೆ" ಅಂದರು. ತಲೆ ಎತ್ತಿದರೆ ನಮ್ಮ ಅಂಗಡಿಗೆ ಮಾಲು ಹಾಕುವವರು. ಮೂರು ತಿಂಗಳ ಬಾಕಿ ಇಟ್ಟುಕೊಂಡು ಅವರ ಫೋನ್ ಎತ್ತುತ್ತಿರಲಿಲ್ಲ. ಪಕ್ಕದಲ್ಲೇ ಕೂರಿಸಿಕೊಂಡರು, ಬಾಕಿ ಮಾತೇ ಎತ್ತಲಿಲ್ಲ.

ಸೋಮವಾರ ಅಂಗಡಿಗೆ ಬಂದು ಕೇಳಿದರು.